ತಾತನ .315 ರೈಫಲ್: ನಳಿಗೆ ಕತ್ತರಿಸಬೇಡಿ, ಮೊದಲು ಮರ ನೋಡಿ

ಮದ್ದೂರಿನ ಅಣ್ಣ, ತಾತನ .315 ರೈಫಲ್ ನಿಮ್ಮ ಲೈಸೆನ್ಸ್‌ಗೆ ಬಂದಿದೆ, ನಳಿಗೆ ಗಿಡ್ಡ ಮಾಡಿಸಿ, ಮರ ಉಜ್ಜಿ ವಾರ್ನಿಶ್ ಹೊಡೆಸಿ ಟಾರ್ಗೆಟ್‌ಗೆ ಬಳಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಎರಡೂ ಮಾಡಿಸಬೇಡಿ.

ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ನಳಿಗೆ ಗಿಡ್ಡ ಮಾಡುವುದಕ್ಕೆ ಬೇಕಾದ ಲೈಸೆನ್ಸ್ ಬೇರೆ. ಅದಿಲ್ಲದೆ ಮಾಡಿದರೆ 1959ರ ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ. ರಿಪೇರಿಗೂ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರವೇ ಹೋಗಿ, ಪರಿಚಯದವರು ಅಂತ ಲೇತ್ ಅಂಗಡಿಗೆ ಕೊಡಬೇಡಿ.

ನಿಮ್ಮದು ಬ್ರಿಟಿಷರ ಕಾಲದ ಮಿಲಿಟರಿ ರೈಫಲ್ ಲೀ-ಎನ್‌ಫೀಲ್ಡ್ ವಂಶದ್ದೇ. ಬಂಗಾಳದ ಇಶಾಪುರದ ಸರ್ಕಾರಿ ರೈಫಲ್ ಫ್ಯಾಕ್ಟರಿ ಸೈನ್ಯಕ್ಕೆ .303 ಮಾಡುತ್ತಿತ್ತು. ಆ ಬೋರ್ (ನಳಿಗೆಯ ಒಳ ಅಳತೆ) ನಮ್ಮಂಥ ಸಾಮಾನ್ಯರಿಗೆ ನಿಷಿದ್ಧ. ಹಾಗಾಗಿ ಅದೇ ಮೈಕಟ್ಟಿನಲ್ಲಿ .315 ಬಂತು. ಈ ಜಾತಿಯ ರೈಫಲ್ ಗುರಿ ತಪ್ಪುತ್ತಿದ್ದರೆ ನಾನು ಮೊದಲು ನೋಡುವುದು ಮರವನ್ನೇ.

ನಮ್ಮ ದೊಡ್ಡಪ್ಪನ ರೈಫಲ್‌ಗೆ ಆದದ್ದು ಹೇಳುತ್ತೇನೆ. ರಿಪೇರಿಯವರು ಮೊದಲು ಭುಜಕ್ಕೆ ಒತ್ತುವ ಹಿಂದಿನ ಹಿಡಿಯನ್ನು ಬಿಗಿಯುವ ಉದ್ದನೆಯ ಬೋಲ್ಟ್ ತಿರುಗಿಸಿದರು. ಚಟ್ ಅಂತ ಸದ್ದಾಯ್ತು. ನಳಿಗೆಯ ಕೆಳಗಿನ ಮುಂದಿನ ಮರ ಹಿಂಬದಿಯಲ್ಲಿ ಎರಡು ಬೆರಳುದ್ದ ಸೀಳಿಹೋಗಿತ್ತು. ಹಳೆಯ ಲೀ-ಎನ್‌ಫೀಲ್ಡ್‌ನಲ್ಲಿ ಆ ಬೋಲ್ಟ್‌ನ ಚೌಕ ತುದಿ ಮುಂದಿನ ಮರದೊಳಗಿನ ಪಟ್ಟಿಗೆ ಕೂತಿರುತ್ತದೆ. ಅದಕ್ಕೇ ಯಾವಾಗಲೂ ಮುಂದಿನ ಮರ ಮೊದಲು ಬಿಚ್ಚಬೇಕು, ಹಿಡಿ ಆಮೇಲೆ. ನಿಮ್ಮ ಗನ್‌ಸ್ಮಿತ್‌ಗೂ ಇದನ್ನು ನೆನಪಿಸಿ, ಸಂಕೋಚ ಬೇಡ.

ಗುಂಡು ಹಾರಿದಾಗ ರೈಫಲ್‌ನ ಲೋಹದ ಮೈ ಹಿಂದಕ್ಕೆ ಒದೆಯುತ್ತದೆ. ಆ ಒದೆತ ತಡೆಯುವುದು ಮುಂದಿನ ಮರದ ಹಿಂಬದಿಯ ಎರಡು ಮೂಲೆಗಳು. ವರ್ಷಗಟ್ಟಲೆ ಎಣ್ಣೆ ಕುಡಿದು ಅವು ಮೆತ್ತಗಾಗಿದ್ದರೆ ರೈಫಲ್ ಪ್ರತಿ ಸಲ ಒಂದೊಂದು ಕಡೆ ಕೂರುತ್ತದೆ. ರೈಫಲ್ ಖಾಲಿ ಇದೆ ಅಂತ ಎರಡು ಸಲ ನೋಡಿಕೊಂಡು, ಮರ ಹಿಡಿದು ಅಲ್ಲಾಡಿಸಿ. ಸ್ವಲ್ಪ ಜಗ್ಗಿದರೂ ಅಲ್ಲಿಗೆ ಗಟ್ಟಿ ಮರದ ತುಂಡು ಕೂರಿಸಬೇಕು. ಅದು ಗನ್‌ಸ್ಮಿತ್ ಕೆಲಸ.

ಹೊರಗಿನ ಮರ ನೀವೇ ಮಾಡಿಕೊಳ್ಳಬಹುದು. ಸ್ಯಾಂಡ್ ಪೇಪರ್ ಬೇಡ, ಹಳೆಯ ಮುದ್ರೆಗಳು ಅಳಿಸಿಹೋಗುತ್ತವೆ. ಕಪ್ಪು ಜಿಡ್ಡನ್ನು ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ, ಅಗಸೆ ಎಣ್ಣೆಯನ್ನು ಅಂಗೈಯಲ್ಲಿ ಬಿಸಿಯಾಗುವ ಹಾಗೆ ತೆಳುವಾಗಿ ತಿಕ್ಕಿ. ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಒರೆಸಿ. ಪೂರ್ತಿ ಒಣಗಿದ ಮೇಲೇ ಮುಂದಿನ ಸಲ. ಮಳೆಗಾಲದಲ್ಲಿ ಜಾಸ್ತಿ ದಿನ ಹಿಡಿಯುತ್ತದೆ. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಅದು ಬೇಡ. ಎಣ್ಣೆ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗೇ ಕಾದು ಬೆಂಕಿ ಹತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿ, ಬಯಲಿನಲ್ಲಿ ಹರಡಿ.

ಹಿಡಿಯ ಬೋಲ್ಟ್ ಅಲ್ಲ, ತೋಟಾ ಒಳಗೆ ತಳ್ಳಿ ಮುಚ್ಚುವ ಬೋಲ್ಟ್ ತೆಗೆದು ನಳಿಗೆಯನ್ನು ಹಿಂದಿನಿಂದಲೇ ಕ್ಲೀನ್ ಮಾಡಿ. ಮುಂದಿನಿಂದ ಕಬ್ಬಿಣದ ಕಡ್ಡಿ ತುರುಕಿದರೆ ಬಾಯಿ ಸವೆಯುತ್ತದೆ, ಗುರಿ ಹಾಳಾಗುತ್ತದೆ. ತಾತನ ಕಾಲದ ತೋಟಾ ಹೊಡೆದಿದ್ದರೆ ಒಳಗೆ ಉಪ್ಪಿನ ಅಂಶ ಕೂತಿರಬಹುದು. ಅದು ಎಣ್ಣೆಗೆ ಕರಗುವುದಿಲ್ಲ. ಬಿಸಿನೀರು ಹಾಯಿಸಿ, ಚೆನ್ನಾಗಿ ಒಣಗಿಸಿ, ಆಮೇಲೆ ಎಣ್ಣೆ. ಬೋಲ್ಟ್ ಮೇಲಿನ ನಂಬರ್ ಮತ್ತು ಮೈಮೇಲಿನ ನಂಬರ್ ಒಂದೇನಾ ನೋಡಿ. ಬೇರೆ ಇದ್ದರೆ ಬೋಲ್ಟ್ ಸರಿಯಾಗಿ ಮುಚ್ಚುತ್ತದಾ ಅಂತ ಗನ್‌ಸ್ಮಿತ್ ಗೇಜ್ (ಅಳತೆಯ ಸಾಧನ) ಹಾಕಿ ನೋಡುವ ತನಕ ಒಂದು ಗುಂಡೂ ಹಾರಿಸಬೇಡಿ.

ಎಲ್ಲಾ ರೇಂಜ್‌ನಲ್ಲೂ .315 ಬಿಡುವುದಿಲ್ಲ, ಮೊದಲೇ ಕೇಳಿ. ದಿನಾ ಪ್ರಾಕ್ಟೀಸ್ ಮಾಡುವ ಆಸೆ ಇದ್ದರೆ ಕ್ಲಬ್‌ನಲ್ಲಿ ಸಣ್ಣ ತೋಟಾದ .22 ರೈಫಲ್ ಹಿಡಿಯಿರಿ. ಸೈನ್ಯದವರೂ ತರಬೇತಿಗೆ ಲೀ-ಎನ್‌ಫೀಲ್ಡ್‌ಗಳನ್ನೇ .22 ಮಾಡಿಕೊಂಡಿದ್ದರು. ಎನ್‌ಸಿಸಿಯಲ್ಲಿ ನಾವು ಮಲಗಿ ಹೊಡೆದದ್ದು ಅದೇ ರೈಫಲ್.

ಮುಂದಿನ ಮರ ಬಿಚ್ಚಿಸಿದಾಗ ಆ ಎರಡು ಮೂಲೆಗಳ ಫೋಟೋ ಹಾಕಿ, ನಂಬರ್ ಕಾಣದ ಹಾಗೆ. ನೋಡಿ ಹೇಳುತ್ತೇನೆ.