ಕೊನೆಯ 16 ಸೆಕೆಂಡು: ಕ್ಯಾರಿಯಿಂದ ಬಂದ ಪತ್ರಕ್ಕೆ ಸಂಪಾದಕರ ಉತ್ತರ

ಓದುಗರ ಪತ್ರ:

ಸಂಪಾದಕರೇ, ನಾನು ತಿಪಟೂರಿನವಳು, ನಿವೃತ್ತ ಶಿಕ್ಷಕಿ, ವಯಸ್ಸು 71. ಆರು ತಿಂಗಳಿಗೆಂದು ಅಮೆರಿಕದ ನಾರ್ತ್ ಕ್ಯಾರೊಲೈನಾದ ಕ್ಯಾರಿ ಊರಿಗೆ ಮಗಳ ಮನೆಗೆ ಬಂದಿದ್ದೇನೆ. 11 ವರ್ಷದ ಮೊಮ್ಮಗಳಿಗೆ ಸಾಕರ್, ಅಂದರೆ ನಮ್ಮ ಫುಟ್‌ಬಾಲ್ ಹುಚ್ಚು. ಮೊನ್ನೆ 2022ರ ಕಾಲೇಜು ಹುಡುಗಿಯರ ಫೈನಲ್ ಹಾಕಿ, "ಅಜ್ಜಿ, ಇದು ನಮ್ಮೂರಲ್ಲೇ ನಡೆದಿದ್ದು" ಅಂತ ನನ್ನನ್ನೂ ಕೂರಿಸಿಕೊಂಡಳು. ಕೊನೆಗೆ ಅವಳೂ ಅತ್ತಳು, ನಾನೂ ಅತ್ತೆ. ನಾನು ಯಾಕೆ ಅತ್ತೆ ಅಂತ ನನಗೇ ತಿಳಿಯಲಿಲ್ಲ. ಕಾಲೇಜಿನ ಆಟಕ್ಕೆ ಇಷ್ಟು ದೊಡ್ಡ ಮೈದಾನ, ಟಿವಿ, ಇಷ್ಟೊಂದು ಪ್ರಶಸ್ತಿ ಯಾಕೆ? ಕಪ್ ಗೆದ್ದ ತಂಡ ಒಂದು, ವರ್ಷದ ಅತ್ಯುತ್ತಮ ಆಟಗಾರ್ತಿ ಇನ್ನೊಂದು ಕಾಲೇಜಿನವಳು. ಇದು ಯಾವ ನ್ಯಾಯ? ಮಗು ಹೀಗೆ ಚೆಂಡಿನ ಹಿಂದೆ ಬಿದ್ದರೆ ಓದಿನ ಗತಿ ಏನು? ಶನಿವಾರ ಅವಳ ಮ್ಯಾಚಿಗೆ ಕರೆಯುತ್ತಾಳೆ. ಸೀರೆ ಉಟ್ಟುಕೊಂಡು ಹೋಗಿ ಹುಲ್ಲಿನ ಮೇಲೆ ಕೂರಲೇ? ಇನ್ನೊಂದು ಮಾತು. ನಿಮ್ಮ ಪತ್ರಿಕೆ ಕ್ರಿಕೆಟ್ ಬಿಟ್ಟು ಇಂಥದ್ದನ್ನು ಯಾಕೆ ಬರೆಯುವುದಿಲ್ಲ?

ಸಂಪಾದಕರ ಉತ್ತರ:

ಅಮ್ಮ,

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ತಪ್ಪು ನಮ್ಮದು. ಹುಡುಗಿಯರ ಫುಟ್‌ಬಾಲ್ ಬಗ್ಗೆ ನಾವು ಬರೆದಿದ್ದು ತೀರಾ ಕಡಿಮೆ. ಹಾಗಾಗಿ ಈ ಸಲ ನಿಮ್ಮ ಪತ್ರಕ್ಕೆ ನಾಲ್ಕು ಸಾಲಿನ ಉತ್ತರ ಬೇಡ, ಜಾಗ ಬಿಟ್ಟುಕೊಟ್ಟು ಬರೆಯೋಣ ಅಂತ ಕೂತಿದ್ದೇನೆ. ಆ ಮ್ಯಾಚ್ ನಾನೂ ನೋಡಿದ್ದೇನೆ. ಒಂದಲ್ಲ, ಮೂರು ಸಲ.

ನೀವು ನೋಡಿದ್ದು 2022ರ ಡಿಸೆಂಬರ್ 5ರ ಆಟ. ಮೈದಾನ ನಿಮ್ಮ ಕ್ಯಾರಿಯ ವೇಕ್‌ಮೆಡ್ ಸಾಕರ್ ಪಾರ್ಕ್. ಒಂದು ಕಡೆ ಯೂನಿವರ್ಸಿಟಿ ಆಫ್ ನಾರ್ತ್ ಕ್ಯಾರೊಲೈನಾ. ಅವರ ಊರು ಚಾಪೆಲ್ ಹಿಲ್, ಕ್ಯಾರಿಯಿಂದ ಕಾರಿನಲ್ಲಿ ಅರ್ಧ ಗಂಟೆ. ಇನ್ನೊಂದು ಕಡೆ ಯುಸಿಎಲ್‌ಎ, ಅಂದರೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಅವರು ದೇಶದ ಆ ತುದಿಯಿಂದ ಈ ತುದಿಗೆ ಬಂದಿದ್ದರು. ಎದುರಾಳಿಯ ಅಂಗಳದಲ್ಲೇ ಆಡಿದ ಹಾಗೆ.

ಆ ಎದುರಾಳಿಯೂ ಸಾಮಾನ್ಯದವರಲ್ಲ. ಅಮೆರಿಕದಲ್ಲಿ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ. ಅದು ಮಹಿಳೆಯರ ಸಾಕರ್ ಚಾಂಪಿಯನ್‌ಷಿಪ್ ಶುರು ಮಾಡಿದ್ದು 1982ರಲ್ಲಿ, ಬರೀ 12 ತಂಡಗಳಿಂದ. ಮೊದಲ ಕಪ್ ಗೆದ್ದವರು ಇದೇ ನಾರ್ತ್ ಕ್ಯಾರೊಲೈನಾದವರು. ನೀವು ನೋಡಿದ ಮ್ಯಾಚಿನ ಹೊತ್ತಿಗೆ ಅವರ ಹತ್ತಿರ ಅಂಥ ಕಪ್ 21 ಇದ್ದವು. ಅಮೆರಿಕದ ಹೆಸರಾಂತ ಫುಟ್‌ಬಾಲ್ ಆಟಗಾರ್ತಿ ಮಿಯಾ ಹ್ಯಾಮ್ ಬೆಳೆದದ್ದು ಆ ತಂಡದಲ್ಲೇ. ಯುಸಿಎಲ್‌ಎ ಹತ್ತಿರ ಇದ್ದದ್ದು ಒಂದೇ ಒಂದು, 2013ರದ್ದು.

ಆದರೆ ಯುಸಿಎಲ್‌ಎಯ ಆ ಸೀಸನ್ ಅರ್ಥ ಆಗಬೇಕಾದರೆ ಅದರ ಹಿಂದಿನ ವರ್ಷ ನೋಡಬೇಕು. ಇದನ್ನು ಮೊಮ್ಮಗಳು ಹೇಳಿದಳೋ ಇಲ್ಲವೋ. 2021ರಲ್ಲಿ ಆ ಹುಡುಗಿಯರು ಲೀಗ್ ಹಂತದಲ್ಲಿ ಒಂದು ಮ್ಯಾಚೂ ಸೋಲಲಿಲ್ಲ. ಚಾಂಪಿಯನ್‌ಷಿಪ್‌ಗೆ ಹೋದರು. ಅಲ್ಲಿ 64 ತಂಡ, ಸೋತರೆ ಮನೆಗೆ. ಕಪ್ ಬೇಕಾದರೆ ಸತತವಾಗಿ ಆರು ಗೆಲ್ಲಬೇಕು. ಮೊದಲನೇ ಮ್ಯಾಚೇ ತಮ್ಮ ಮೈದಾನದಲ್ಲಿ, ಹತ್ತಿರದ ಊರಿನ ಯುಸಿ ಅರ್ವೈನ್ ವಿರುದ್ಧ. 1-0ಯಿಂದ ಸೋತರು. ಮೂರು ತಿಂಗಳು ಸೋಲೇ ಕಾಣದ ತಂಡದ ವರ್ಷ ಒಂದು ಸಂಜೆಯಲ್ಲಿ ಮುಗಿಯಿತು. ಆಮೇಲೆ ಕೋಚ್ ಕೂಡ ಬೇರೆ ಕಡೆ ಹೋದರು.

ಅವರ ಜಾಗಕ್ಕೆ ಬಂದವರು ಮಾರ್ಗರೀಟ್ ಅಯೋಝಾಸಾ. ಅಲ್ಲಿಯವರೆಗೆ ಅವರು ಸ್ಟ್ಯಾನ್‌ಫರ್ಡ್‌ನಲ್ಲಿ ಸಹಾಯಕ ಕೋಚ್. ಮುಖ್ಯ ಕೋಚ್ ಆಗಿ ಇದೇ ಮೊದಲ ವರ್ಷ. ನೀವು ಮೇಷ್ಟ್ರು, ನಿಮಗೆ ಬೇಗ ಅರ್ಥ ಆಗುತ್ತೆ: ಚೆನ್ನಾಗಿ ಓದುವ ಮಕ್ಕಳು, ಆದರೆ ಪರೀಕ್ಷೆಯಲ್ಲಿ ಒಂದು ಸಲ ಎಡವಿ ಮನಸ್ಸು ಮುದುಡಿಕೊಂಡಿದ್ದಾರೆ. ಅಂಥ ಕ್ಲಾಸಿಗೆ ಹೊಸ ಟೀಚರ್ ಆಗಿ ಹೋಗುವುದು ಸುಲಭ ಅಲ್ಲ. ಮುಖ್ಯ ಕೋಚ್ ಆದ ಮೊದಲ ವರ್ಷವೇ ಈ ಕಪ್ ಗೆದ್ದವರು ಅವರಿಗಿಂತ ಮುಂಚೆ ಯಾರೂ ಇರಲಿಲ್ಲ.

ಈಗ ಆ ಫೈನಲ್‌ಗೆ ಬರುತ್ತೇನೆ. ನಾರ್ತ್ ಕ್ಯಾರೊಲೈನಾದ ಏವರಿ ಪ್ಯಾಟರ್‌ಸನ್ 59ನೇ ನಿಮಿಷದಲ್ಲಿ ಒಂದು ಗೋಲು ಹೊಡೆದಳು, 75ನೇ ನಿಮಿಷದಲ್ಲಿ ಇನ್ನೊಂದು. 2-0. ಉಳಿದದ್ದು ಕಾಲು ಗಂಟೆ. ಫುಟ್‌ಬಾಲ್‌ನಲ್ಲಿ ಇದನ್ನು ಮುಗಿದ ಕಥೆ ಅಂತಲೇ ಹೇಳುವುದು. 80ನೇ ನಿಮಿಷದಲ್ಲಿ ಯುಸಿಎಲ್‌ಎಯ ಲೆಕ್ಸಿ ರೈಟ್ ಒಂದು ಹಿಂದಿರುಗಿಸಿದಳು. 2-1.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಮಗೆ ಗೊತ್ತಿರುವ ಫುಟ್‌ಬಾಲ್‌ನಲ್ಲಿ ಗಡಿಯಾರ ಮುಂದಕ್ಕೆ ಹೋಗುತ್ತೆ. 90 ನಿಮಿಷ ಆದ ಮೇಲೂ ರೆಫರಿ ಇಷ್ಟು ಜಾಸ್ತಿ ಅಂತ ಸೇರಿಸುತ್ತಾರೆ. ಸರಿಯಾಗಿ ಯಾವ ಕ್ಷಣಕ್ಕೆ ಶಿಳ್ಳೆ ಊದುತ್ತಾರೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಅಮೆರಿಕದ ಕಾಲೇಜು ಆಟ ಹಾಗಲ್ಲ. ಗಡಿಯಾರ 45 ನಿಮಿಷದಿಂದ ಹಿಂದಕ್ಕೆ ಓಡುತ್ತೆ. ಸೊನ್ನೆ ಬಂತೋ, ಆಟ ಮುಗಿಯಿತು. ನಮ್ಮ ಕಬಡ್ಡಿಯಲ್ಲಿ ರೈಡಿಗೆ ಹೋದವಳಿಗೆ 30 ಸೆಕೆಂಡು ಅಂತ ಇರುತ್ತಲ್ಲ, ಆ ಥರ. ಮೈದಾನದಲ್ಲಿರುವ 22 ಹುಡುಗಿಯರಿಗೂ, ಕೂತಿರುವ ಸಾವಿರಾರು ಜನಕ್ಕೂ ಎಷ್ಟು ಉಳಿದಿದೆ ಅಂತ ಗೊತ್ತು. ಗೆಲ್ಲುತ್ತಿರುವವರಿಗೆ ಆ ಅಂಕಿ ಇಳಿಯುವುದೇ ಇಲ್ಲ ಅನಿಸುತ್ತೆ. ಸೋಲುತ್ತಿರುವವರಿಗೆ ಕೈಯಲ್ಲಿ ಹಿಡಿದ ನೀರು ಸೋರಿದ ಹಾಗೆ.

ಉಳಿದದ್ದು ಒಂದು ನಿಮಿಷ. ಆಮೇಲೆ ಅರ್ಧ ನಿಮಿಷ. ಯುಸಿಎಲ್‌ಎಗೆ ಒಂದು ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಚೆಂಡು ಒದೆಯುವ ಅವಕಾಶ ಸಿಕ್ಕಿತು. ಚೆಂಡು ಗೋಲಿನ ಮುಂದಿನ ಗುಂಪಿನೊಳಗೆ ಬಂತು. ರೀಲಿನ್ ಟರ್ನರ್ ತಲೆ ಕೊಟ್ಟಳು. ಬಲೆ ಅಲುಗಾಡಿದಾಗ ಗಡಿಯಾರದಲ್ಲಿ ಇದ್ದದ್ದು 16 ಸೆಕೆಂಡು.

ಆ ಹದಿನಾರನ್ನು ನಾನು ಟಿವಿ ನಿಲ್ಲಿಸಿ ನೋಡಿದೆ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು.

2-2, ಸಮ ಸಮ. ಅಲ್ಲಿಂದ ಹೆಚ್ಚುವರಿ ಸಮಯ, ಹತ್ತು ನಿಮಿಷದ ಎರಡು ಭಾಗ. 107ನೇ ನಿಮಿಷದಲ್ಲಿ ಮರಿಕಾರ್ಮೆನ್ ರೆಯೆಸ್ ಗೋಲು ಹೊಡೆದು 3-2 ಮಾಡಿದಳು. ಹಿಂದೆಲ್ಲಾ ಆಗಿದ್ದರೆ ಅಲ್ಲಿಗೇ ಕುಣಿಯಬಹುದಿತ್ತು. ಹೆಚ್ಚುವರಿ ಸಮಯದಲ್ಲಿ ಮೊದಲು ಗೋಲು ಹೊಡೆದವರೇ ಗೆದ್ದ ಹಾಗೆ ಅನ್ನುವ ನಿಯಮ ಕಾಲೇಜು ಸಾಕರ್‌ನಲ್ಲಿ ಇತ್ತು. ಅದನ್ನು ಅದೇ 2022ರಲ್ಲಿ ತೆಗೆದಿದ್ದರು. ಹಾಗಾಗಿ ಯುಸಿಎಲ್‌ಎಯವರು ಇನ್ನೂ ಮೂರು ನಿಮಿಷ ಗೋಲು ಬಿಟ್ಟುಕೊಡದೆ ಕಾಯಬೇಕಾಯಿತು. ಈಗ ಅದೇ ಗಡಿಯಾರ ಅವರಿಗೇ ನಿಧಾನ ಆಗಿತ್ತು. ಕಾದರು. ಇಡೀ ಸೀಸನ್‌ನಲ್ಲಿ 22 ಗೆಲುವು, 2 ಸೋಲು, 1 ಡ್ರಾ. ಜೊತೆಗೆ ಕಪ್.

ಇನ್ನು ನಿಮ್ಮ ನ್ಯಾಯದ ಪ್ರಶ್ನೆ. ಕಪ್ ಒಬ್ಬರಿಗೆ, ಅತ್ಯುತ್ತಮ ಆಟಗಾರ್ತಿ ಬಿರುದು ಇನ್ನೊಬ್ಬರಿಗೆ. ನೀವು ಕೇಳಿದ್ದು ಹರ್ಮನ್ ಟ್ರೋಫಿ ವಿಚಾರ. ಕಾಲೇಜು ಸಾಕರ್‌ನಲ್ಲಿ ಒಬ್ಬ ಆಟಗಾರ್ತಿಗೆ ಸಿಗುವ ಅತಿ ದೊಡ್ಡ ಗೌರವ ಅದು. ಕೋಚ್‌ಗಳು ಮತ ಹಾಕಿ ಆರಿಸುತ್ತಾರೆ. ಮಹಿಳೆಯರಿಗೆ ಕೊಡಲು ಶುರುವಾದದ್ದು 1988ರಲ್ಲಿ, ಮೊದಲು ಪಡೆದವರು ಮಿಷೆಲ್ ಏಕರ್ಸ್. 2022ರದ್ದು ಡ್ಯೂಕ್ ವಿಶ್ವವಿದ್ಯಾಲಯದ ಮಿಷೆಲ್ ಕೂಪರ್‌ಗೆ ಹೋಯಿತು. ಡ್ಯೂಕ್ ಆ ವರ್ಷ ಕೊನೆಯ ನಾಲ್ಕಕ್ಕೂ ಬರಲಿಲ್ಲ. ಆದರೂ ಅದು ನ್ಯಾಯವೇ ಅಂತ ನನ್ನ ಅಭಿಪ್ರಾಯ. ಕಪ್ ಹೇಳುವುದು ಕೊನೆಯ ದಿನ ಯಾರು ನಿಂತರು ಅಂತ. ಈ ಪ್ರಶಸ್ತಿ ಹೇಳುವುದು ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ವಾರ ವಾರವೂ ಯಾರು ಹೇಗೆ ಆಡಿದರು ಅಂತ. ಕ್ರಿಕೆಟ್ ಬೇಡ ಅಂದಿದ್ದೀರಿ, ಆದರೂ ಒಂದು ನೆನಪು ಮಾಡುತ್ತೇನೆ. 2016ರ ಐಪಿಎಲ್‌ನಲ್ಲಿ ವಿರಾಟ್ ಕೊಹ್ಲಿ 973 ರನ್ ಹೊಡೆದು ಆರೆಂಜ್ ಕ್ಯಾಪ್ ಹಾಕಿಕೊಂಡರು. ಕಪ್ ನಮ್ಮ ಚಿನ್ನಸ್ವಾಮಿ ಮೈದಾನದಿಂದಲೇ ಹೈದರಾಬಾದಿಗೆ ಹೋಯಿತು. ಆ ರನ್ ಸುಳ್ಳಾಗಲಿಲ್ಲ, ಅಲ್ವಾ?

ಕೆಲವು ವರ್ಷ ಎರಡೂ ಒಂದೇ ಮನೆಗೆ ಬರುತ್ತವೆ. 2023ರಲ್ಲಿ ಫ್ಲಾರಿಡಾ ಸ್ಟೇಟ್ ತಂಡ ಒಂದೂ ಸೋಲದೆ, 22 ಗೆದ್ದು 1 ಡ್ರಾ ಮಾಡಿಕೊಂಡು ಚಾಂಪಿಯನ್ ಆಯಿತು. ಅದೂ ನಿಮ್ಮ ಕ್ಯಾರಿಯಲ್ಲೇ, ಫೈನಲ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿರುದ್ಧ 5-1. ಆ ತಂಡದ ಓನ್ಯಿ ಎಚೆಗಿನಿಗೆ ಹರ್ಮನ್ ಟ್ರೋಫಿಯೂ ಬಂತು. ಇದಲ್ಲದೆ ದೇಶದ ಅತ್ಯುತ್ತಮ ಹನ್ನೊಂದು ಆಟಗಾರ್ತಿಯರ ಪಟ್ಟಿ, ಆಯಾ ವಲಯದ ಪಟ್ಟಿ, ಹೀಗೆ ಇನ್ನೂ ಇವೆ. ಅವನ್ನೆಲ್ಲಾ ಇಲ್ಲಿ ಬರೆಯುವುದಿಲ್ಲ.

ಇಷ್ಟೊಂದು ಪ್ರಶಸ್ತಿ ಯಾಕೆ ಅಂದಿರಿ. ನಿಮಗೆ ನಮ್ಮ ಮನೆಯ ಒಂದು ಲೋಟದ ಬಗ್ಗೆ ಹೇಳಬೇಕು.

1979ರಲ್ಲಿ ನನ್ನ ಅಕ್ಕ 9ನೇ ಕ್ಲಾಸು. ಸ್ಕೂಲಿನಲ್ಲಿ ದೊಡ್ಡ ಮೈದಾನ ಹುಡುಗರಿಗೆ. ಹುಡುಗಿಯರಿಗೆ ಪಕ್ಕದಲ್ಲಿ ಥ್ರೋಬಾಲ್, ರಿಂಗ್, ಖೋಖೋ. ಅಕ್ಕ ಓಡುತ್ತಿದ್ದಳು. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿ ತಾಲ್ಲೂಕು ಕ್ರೀಡಾಕೂಟದಲ್ಲಿ 200 ಮೀಟರ್‌ಗೆ ಎರಡನೆಯವಳಾಗಿ ಬಂದಳು. ಬಹುಮಾನ ಒಂದು ಸ್ಟೀಲ್ ಲೋಟ. ಅದರ ಮೇಲೆ ಅವಳ ಹೆಸರು, "ಓಟ - ದ್ವಿತೀಯ" ಅಂತ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ. ಜಿಲ್ಲಾ ಮಟ್ಟಕ್ಕೆ ಆಯ್ಕೆ ಆಗಿದ್ದಳು. ಹೋಗಲಿಲ್ಲ. ಹುಡುಗಿಯರ ಜೊತೆ ಹೋಗಲು ಯಾವ ಟೀಚರೂ ಇಲ್ಲ ಅಂದರು ಸ್ಕೂಲಿನಲ್ಲಿ. ಅಷ್ಟೇ ಕಾರಣ. ಮನೆಯಲ್ಲೂ ಯಾರೂ ಮತ್ತೆ ಕೇಳಲಿಲ್ಲ. ನಾನೂ ಕೇಳಲಿಲ್ಲ, ಆಗ ನನಗೆ ಹತ್ತು ವರ್ಷ. ಆ ಲೋಟದಲ್ಲಿ ಅಮ್ಮ ವರ್ಷಗಟ್ಟಲೆ ಮಜ್ಜಿಗೆ ಕೊಟ್ಟರು. ತೊಳೆದು ತೊಳೆದು ಅಕ್ಷರ ಸವೆದಿದೆ. ಬೆರಳಿಟ್ಟರೆ ಮಾತ್ರ ಈಗಲೂ ಸಿಗುತ್ತೆ.

ಅದೇ 1979ರಲ್ಲಿ ಚಾಪೆಲ್ ಹಿಲ್‌ನಲ್ಲಿ ಆ್ಯನ್ಸನ್ ಡೊರೆನ್ಸ್ ಅನ್ನುವವರು ಹುಡುಗಿಯರ ಸಾಕರ್ ತಂಡದ ಕೋಚ್ ಆದರು. 2022ರ ಆ ಫೈನಲ್‌ನಲ್ಲೂ ನಾರ್ತ್ ಕ್ಯಾರೊಲೈನಾದ ಬೆಂಚಿನ ಪಕ್ಕ ನಿಂತಿದ್ದವರು ಅವರೇ. ಅಲ್ಲಿಯ ಗಂಡಸರು ನಮ್ಮವರಿಗಿಂತ ಒಳ್ಳೆಯವರು ಅಂತ ಹೀಗಾಗಲಿಲ್ಲ. ಅಲ್ಲಿ ಒಂದು ಕಾನೂನು ಬಂದಿತ್ತು. 1972ರ ಟೈಟಲ್ ನೈನ್. ಇಂಗ್ಲಿಷಿನಲ್ಲಿ ಅದರ ಮುಖ್ಯ ವಾಕ್ಯ ಬರೀ 37 ಪದ. ಸರ್ಕಾರದ ದುಡ್ಡು ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಗಂಡು ಹೆಣ್ಣು ಅಂತ ಭೇದ ಮಾಡುವ ಹಾಗಿಲ್ಲ ಅನ್ನುವುದು ಅದರ ಸಾರ. ಆಟದ ಹೆಸರೇ ಅದರಲ್ಲಿ ಇಲ್ಲ. ಆದರೆ ಕಾಲೇಜಿನ ಆಟವೂ ಶಿಕ್ಷಣದ ಭಾಗ ಅಂತಾದ ಮೇಲೆ ಹುಡುಗಿಯರಿಗೂ ಮೈದಾನ, ಕೋಚ್, ಬಸ್ಸು, ವಿದ್ಯಾರ್ಥಿವೇತನ ಎಲ್ಲಾ ಕೊಡಬೇಕಾಯಿತು. ಅಲ್ಲಿಯ ಕಾಲೇಜುಗಳಲ್ಲಿ ಗಂಡುಮಕ್ಕಳ ಅಮೆರಿಕನ್ ಫುಟ್‌ಬಾಲ್ ಒಂದಕ್ಕೇ 85 ವಿದ್ಯಾರ್ಥಿವೇತನ ಇದ್ದವು. ಅದಕ್ಕೆ ಸರಿದೂಗಿಸಲು ಹುಡುಗಿಯರಿಗೆ ದೊಡ್ಡ ತಂಡ ಬೇಕಾಗುವ ಆಟ ಬೇಕಿತ್ತು. ಸಾಕರ್ ಹೇಳಿ ಮಾಡಿಸಿದ ಹಾಗಿತ್ತು: ಒಂದು ಮೈದಾನ, ಒಂದು ಚೆಂಡು, 25-30 ಹುಡುಗಿಯರು. ಈಗ ಮೊದಲ ದರ್ಜೆಯಲ್ಲೇ ಮುನ್ನೂರಕ್ಕೂ ಹೆಚ್ಚು ಕಾಲೇಜು ತಂಡಗಳಿವೆ. ನಿಮಗೆ ದೊಡ್ಡದಾಗಿ ಕಂಡ ಮೈದಾನ, ಟಿವಿ, ಟ್ರೋಫಿ ಎಲ್ಲಾ ಬಂದದ್ದು ಈ ದಾರಿಯಲ್ಲಿ.

ನೀವು ಯಾಕೆ ಅತ್ತಿರಿ ಅಂತ ನಾನು ಹೇಳಲಾರೆ. ನಾನು ಅತ್ತದ್ದು ಯಾಕೆ ಅಂತ ಮಾತ್ರ ಗೊತ್ತು. ಟರ್ನರ್ ಗೋಲು ಹೊಡೆದು ಓಡಿದಾಗ ನನಗೆ ಅಕ್ಕನ ಓಟ ನೆನಪಾಯಿತು.

ಓದಿನ ವಿಚಾರ. ಇದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಸಾಕರ್ ಆಡಿಸಿದರೆ ಕಾಲೇಜು ಫೀಸು ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ ನಂಬಿ ಕೂರಬೇಡಿ. ತುಂಬಾ ವರ್ಷ ಒಂದು ತಂಡಕ್ಕೆ ಇದ್ದದ್ದು 14 ವಿದ್ಯಾರ್ಥಿವೇತನ ಮಾತ್ರ. ಅದನ್ನೇ 25-30 ಹುಡುಗಿಯರಿಗೆ ಹಂಚುತ್ತಿದ್ದರು. ಒಬ್ಬಳಿಗೆ ಅರ್ಧ, ಒಬ್ಬಳಿಗೆ ಕಾಲು, ಕೆಲವರಿಗೆ ಏನೂ ಇಲ್ಲ. 2025ರಿಂದ ಆ ನಿಯಮ ಬದಲಾಗಿದೆ. ಆದರೂ ಇಷ್ಟು ಮಕ್ಕಳಲ್ಲಿ ಕೆಲವೇ ಕೆಲವರಿಗೆ ಸಿಗುವುದು ಅನ್ನುವುದು ಬದಲಾಗಿಲ್ಲ. ಆಟ ಇಷ್ಟ ಅಂತ ಆಡಲಿ. ಅದೇ ಸಾಕು.

ಆದರೆ ಆಟ ಆಡಿದರೆ ಓದು ಕೆಡುತ್ತೆ ಅನ್ನುವ ಭಯವೂ ಬೇಡ. ಅಲ್ಲಿ ನಿಗದಿಯಾದ ಅಂಕ ಇಲ್ಲದಿದ್ದರೆ ಮೈದಾನಕ್ಕೇ ಇಳಿಸುವುದಿಲ್ಲ. ಎಲೀಟ್ 90 ಅಂತ ಒಂದು ಪ್ರಶಸ್ತಿ ಇದೆ. ಎನ್‌ಸಿಎಎ ಪ್ರತಿ ಚಾಂಪಿಯನ್‌ಷಿಪ್‌ನ ಕೊನೆಯ ಹಂತಕ್ಕೆ ಬಂದ ಆಟಗಾರರಲ್ಲಿ ಓದಿನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಇರುವ ಒಬ್ಬರಿಗೆ ಅದನ್ನು ಕೊಡುತ್ತದೆ. ಗೋಲು ಹೊಡೆದವಳೇ ಆಗಬೇಕಿಲ್ಲ, ಸೋತ ತಂಡದವಳಾದರೂ ಸರಿ. ಎಲ್ಲಾ ಪ್ರಶಸ್ತಿಗಳ ನಡುವೆ ನನಗೆ ತುಂಬಾ ಇಷ್ಟವಾದದ್ದು ಇದೇ. ಇದನ್ನು ಮೊಮ್ಮಗಳಿಗೆ ಹೇಳಿ. ಬೈದು ಹೇಳಬೇಡಿ, ಇಂಥದ್ದೊಂದು ಇದೆಯಂತೆ ಕಣೇ ಅಂತ ಸುಮ್ನೆ ಹೇಳಿ.

ಶನಿವಾರ ಖಂಡಿತ ಹೋಗಿ. ಸೀರೆಯಲ್ಲೇ ಹೋಗಿ, ಮೇಲೊಂದು ದಪ್ಪ ಸ್ವೆಟರ್ ಹಾಕಿಕೊಳ್ಳಿ. ಹುಲ್ಲಿನ ಮೇಲೆ ಕೂರಬೇಡಿ, ಬೆಳಿಗ್ಗೆ ಇಬ್ಬನಿ ಇರುತ್ತೆ. ಅಲ್ಲಿ ಅಪ್ಪ ಅಮ್ಮಂದಿರು ಮಡಚುವ ಕುರ್ಚಿ ತರುತ್ತಾರೆ, ಕಾರಿನ ಡಿಕ್ಕಿಯಲ್ಲಿ ಒಂದು ಇಡಲು ಮಗಳಿಗೆ ಹೇಳಿ. ಕಿತ್ತಳೆ ಹಣ್ಣು ಬಿಡಿಸಿ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ. ಅರ್ಧ ಆಟ ಆದ ಮೇಲೆ ಮಕ್ಕಳು ಓಡಿಬಂದು ಕೇಳುತ್ತಾರೆ, ಮೊಮ್ಮಗಳಿಗೆ ಮಾತ್ರ ಅಲ್ಲ, ಎಲ್ಲರಿಗೂ ಆಗುವಷ್ಟು ಇರಲಿ.

ಬಂದ ಮೇಲೆ ನಮಗೆ ಬರೆಯಿರಿ. ಎಷ್ಟು ಗೋಲು ಅಂತ ಬೇಡ. ಅವಳು ಯಾವ ಜಾಗದಲ್ಲಿ ಆಡುತ್ತಾಳೆ, ಬಿದ್ದಾಗ ಹೇಗೆ ಎದ್ದಳು, ನಿಮ್ಮನ್ನು ನೋಡಿ ಕೈ ಬೀಸಿದಳಾ ಅಂತ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟ ನಿಮಗೆ ಬಿಟ್ಟಿರುತ್ತೇನೆ.

ನಿಮ್ಮ,
ಸಂಪಾದಕ