ವರ್ಚುವಲ್‌ಬಾಕ್ಸ್ ಮಷೀನ್‌ಗಳನ್ನು ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ಸಾಗಿಸುವುದು ಹೇಗೆ?

ವರ್ಚುವಲ್‌ಬಾಕ್ಸ್ ಅಂದರೆ ಒಂದು ಕಂಪ್ಯೂಟರ್‌ನೊಳಗೆ ಇನ್ನೊಂದು ಕಂಪ್ಯೂಟರನ್ನು (ಇದೇ ‘ಮಷೀನ್’) ಓಡಿಸುವ ತಂತ್ರಾಂಶ. ಸಿ ಡ್ರೈವ್ ತುಂಬಿದೆ ಅಂತ ಆ ಮಷೀನ್‌ನ ಡಿಸ್ಕ್ ಆಗಿರುವ .ವಿಡಿಐ (.vdi) ಫೈಲ್ ಒಂದನ್ನೇ ಎತ್ತಿ ಡಿ ಡ್ರೈವ್‌ಗೆ ಹಾಕಬೇಡಿ. ಅದು ಎಲ್ಲಿದೆ ಅನ್ನೋದು ಮಷೀನ್‌ನ ಸೆಟ್ಟಿಂಗ್‌ಗಳಿರುವ .ವಿಬಾಕ್ಸ್ (.vbox) ಫೈಲ್‌ನಲ್ಲಿ ಬರೆದಿರುತ್ತದೆ. ಜಾಗ ಬದಲಾದರೆ ಮಷೀನ್ ಏಳೋದಿಲ್ಲ. ಸ್ನ್ಯಾಪ್‌ಶಾಟ್ (ಮಷೀನ್‌ನ ಆ ಕ್ಷಣದ ಸ್ಥಿತಿಯ ದಾಖಲೆ) ತೆಗೆದಿದ್ದರಂತೂ ಇನ್ನೂ ಕಷ್ಟ, ಏಕೆಂದರೆ ಆಮೇಲಿನ ಬದಲಾವಣೆಗಳೆಲ್ಲ ‘ಸ್ನ್ಯಾಪ್‌ಶಾಟ್ಸ್’ ಫೋಲ್ಡರ್‌ನ ಬೇರೆ ಫೈಲ್‌ಗಳಲ್ಲಿರುತ್ತವೆ.

ಈಚಿನ ಆವೃತ್ತಿಗಳಲ್ಲಿ ಇದಕ್ಕೆ ಸುಲಭದ ದಾರಿ ಇದೆ. ಮಷೀನನ್ನು ಪೂರ್ತಿ ಶಟ್‌ಡೌನ್ ಮಾಡಿ, ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಮೂವ್’ ಆರಿಸಿ, ಹೊಸ ಫೋಲ್ಡರ್ ತೋರಿಸಿ. ದೊಡ್ಡ ಡಿಸ್ಕ್ ಆದರೆ ಹೊತ್ತು ಹಿಡಿಯುತ್ತದೆ, ನಡುವೆ ನಿಲ್ಲಿಸಬೇಡಿ.

‘ಮೂವ್’ ಕೈಕೊಟ್ಟರೆ ಇಡೀ ಫೋಲ್ಡರನ್ನೇ ಡಿ ಡ್ರೈವ್‌ಗೆ ಕಾಪಿ ಮಾಡಿ. ವರ್ಚುವಲ್‌ಬಾಕ್ಸ್‌ನಲ್ಲಿ ಹಳೆಯದಕ್ಕೆ ‘ರಿಮೂವ್’ ಒತ್ತಿದಾಗ ಎರಡು ಆಯ್ಕೆ ಬರುತ್ತವೆ: ಪಟ್ಟಿಯಿಂದ ಮಾತ್ರ ತೆಗೆಯುವುದು, ಇಲ್ಲವೇ ಫೈಲ್‌ಗಳನ್ನೂ ಅಳಿಸುವುದು. ಇಲ್ಲಿ ಕಣ್ಣಿಟ್ಟು ಓದಿ, ಮೊದಲನೆಯದನ್ನೇ ಒತ್ತಿ. ಈ ಹೆಜ್ಜೆ ಬಿಟ್ಟರೆ ಒಂದೇ ಯುಯುಐಡಿ (ಡಿಸ್ಕ್‌ನ ಗುರುತಿನ ಸಂಖ್ಯೆ) ಇರುವ ಎರಡು ಡಿಸ್ಕ್ ಸಿಕ್ಕಿ ವರ್ಚುವಲ್‌ಬಾಕ್ಸ್ ತಕರಾರು ತೆಗೆಯುತ್ತದೆ. ನಂತರ ‘ಆಡ್’ ಒತ್ತಿ ಡಿ ಡ್ರೈವ್‌ನ .ವಿಬಾಕ್ಸ್ ಫೈಲ್ ತೋರಿಸಿ. ‘ಸ್ಟೋರೇಜ್’ನಲ್ಲಿ ಡಿಸ್ಕ್‌ನ ಹಾದಿ ಡಿ ಅಂತಲೇ ಇದೆಯಾ ನೋಡಿ, ಒಮ್ಮೆ ಬೂಟ್ ಮಾಡಿ. ಹಳೆಯ ಫೋಲ್ಡರ್ ಅಳಿಸುವುದೆಲ್ಲ ಆಮೇಲೆ.

ಪೆನ್‌ಡ್ರೈವ್ ಅಥವಾ ಹಳೆಯ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹಾಕುವುದಾದರೆ ಅದರ ಫಾರ್ಮ್ಯಾಟ್ ನೋಡಿಕೊಳ್ಳಿ. ಎಫ್‌ಎಟಿ32ನಲ್ಲಿ 4 ಜಿಬಿ ಮೀರಿದ ಫೈಲ್ ಕೂರುವುದಿಲ್ಲ. ವಿಂಡೋಸ್‌ನಲ್ಲಿ ಎನ್‌ಟಿಎಫ್‌ಎಸ್ ಇರಲಿ.

ಮುಂದಿನ ಮಷೀನ್‌ಗಳೂ ಸಿ ಡ್ರೈವ್‌ಗೇ ಹೋಗಿ ಕೂರದಂತೆ ‘ಪ್ರಿಫರೆನ್ಸಸ್’ನಲ್ಲಿ ‘ಡಿಫಾಲ್ಟ್ ಮಷೀನ್ ಫೋಲ್ಡರ್’ ಬದಲಿಸಿ.