ದಿನಕ್ಕೆ ಎರಡು ಸಲ ಕರೆಯಬೇಕಾ, ಮೂರು ಸಲವಾ?

ನಿಮ್ಮ ಹತ್ತಿರ ನಾಲ್ಕು ಸೀಮೆ ಹಸು ಇವೆ. ಎರಡು 20 ಲೀಟರ್ ದಾಟಿವೆ, ಇನ್ನೆರಡು 10-12 ಲೀಟರಿನವು. ಬೆಳಿಗ್ಗೆ 6ಕ್ಕೆ, ಸಂಜೆ 4ಕ್ಕೆ ಕರೆಯುತ್ತೀರಿ. ಬೆಳಗಿನ ಹಾಲಿಗೆ ಡೇರಿಯಲ್ಲಿ ಫ್ಯಾಟ್ (ಕೊಬ್ಬಿನಂಶ) ನೂರಕ್ಕೆ 3.2 ಬರುತ್ತದೆ, ಸಂಜೆ ಹಾಲಿಗೆ 4ರ ಮೇಲೆ. ಮೂರು ಸಲ ಕರೆದರೆ ಹಾಲು ಜಾಸ್ತಿ ಆಗುತ್ತಾ, ಇರೋ ಫ್ಯಾಟೂ ಹೋಗುತ್ತಾ ಅಂತ ಕೇಳಿದ್ದೀರಿ.

ಹಾಲು ಜಾಸ್ತಿ ಆಗೋದು ನಿಜ. ಆದರೆ ಮೊದಲು ಆ 6 ಗಂಟೆ, 4 ಗಂಟೆ ಸರಿ ಮಾಡಿಕೊಳ್ಳಿ. ರಾತ್ರಿ 14 ಗಂಟೆ ಹಾಲು ಕೆಚ್ಚಲಲ್ಲೇ ನಿಲ್ಲುತ್ತಿದೆ, ಹಗಲು 10 ಗಂಟೆ ಮಾತ್ರ. ಹೆಚ್ಚು ಹೊತ್ತು ನಿಂತ ಹಾಲು ಪ್ರಮಾಣದಲ್ಲಿ ಜಾಸ್ತಿ, ಫ್ಯಾಟ್‌ನಲ್ಲಿ ಕಡಿಮೆ. ನಿಮ್ಮ ಬೆಳಗಿನ 3.2ಕ್ಕೆ ಬಹುಪಾಲು ಇದೇ ಕಾರಣ ಇರಬೇಕು. ಬೆಳಿಗ್ಗೆ ಐದೂವರೆ, ಸಂಜೆ ಐದೂವರೆ ಮಾಡಿಕೊಂಡರೆ ಎರಡು ಹೊತ್ತಿನ ಫ್ಯಾಟ್ ಹತ್ತಿರ ಹತ್ತಿರ ಬರುತ್ತದೆ. ಡೇರಿ ಸಮಯ ಒಪ್ಪದಿದ್ದರೆ ಅರ್ಧ ಗಂಟೆ ಆಚೀಚೆ ಪರವಾಗಿಲ್ಲ. ದಿನದ ಒಟ್ಟು ಕೊಬ್ಬು ಅದರಿಂದ ದೊಡ್ಡದಾಗಿ ಏರುವುದಿಲ್ಲ. ಆದರೆ ನಮ್ಮಲ್ಲಿ ಹಸುವಿನ ಹಾಲಿಗೆ 3.5 ಫ್ಯಾಟ್, 8.5 ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಗಟ್ಟಿ ಅಂಶ) ನೋಡಿ ತಾನೇ ದರ ಕಟ್ಟುವುದು? ಒಂದು ಹೊತ್ತು ಅದರ ಕೆಳಗೆ ಬಿದ್ದರೆ ಆ ಹೊತ್ತಿನ ಹಾಲಿಗೆ ದರ ಇಳಿಯಿತು.

ಈಗ ಮೂರನೇ ಸಲದ ವಿಚಾರ. ಕೆಚ್ಚಲಲ್ಲಿ ಹಾಲು ದಿನವಿಡೀ ಊರುತ್ತಲೇ ಇರುತ್ತದೆ. ತುಂಬಿ ಬಿಗಿಯಾಗುತ್ತಾ ಬಂದ ಹಾಗೆ ಊರುವುದು ನಿಧಾನವಾಗುತ್ತದೆ. ನಡುವೆ ಒಮ್ಮೆ ಖಾಲಿ ಮಾಡಿದರೆ ಆ ತಡೆ ಇರುವುದಿಲ್ಲ. ಚೆನ್ನಾಗಿ ಹಾಲು ಕೊಡುವ ಹಸುವಿನಲ್ಲಿ ನೂರಕ್ಕೆ 10-15ರಷ್ಟು ಏರುವುದುಂಟು. ಫ್ಯಾಟ್ ಸ್ವಲ್ಪ ಇಳಿಯಬಹುದು, ಅಷ್ಟೆ. ಆದರೆ 10-12 ಲೀಟರಿನ ಹಸುವಿನ ಕೆಚ್ಚಲು ಅಷ್ಟು ಬಿಗಿಯಾಗುವುದೇ ಇಲ್ಲ. ಅದನ್ನು ಮಧ್ಯಾಹ್ನ ಎಬ್ಬಿಸಿ ಕರೆಯುವುದು ಸುಮ್ನೆ ನಿಮಗೂ ಅದಕ್ಕೂ ತೊಂದರೆ. 20 ಲೀಟರ್ ದಾಟಿದ ಎರಡಕ್ಕೆ ಮಾತ್ರ, ಕರು ಹಾಕಿದ ಮೊದಲ ಮೂರು ತಿಂಗಳು ಮಾಡಿ ನೋಡಿ. ಕರು ಹಾಕಿ ಒಂದೂವರೆ ಎರಡು ತಿಂಗಳಿಗೆ ಹಾಲು ತುದಿ ಮುಟ್ಟುತ್ತದೆ. ಆ ಸಮಯದಲ್ಲೇ ಲಾಭ ಜಾಸ್ತಿ.

ಹೀಗೆ ಮಾಡಲು ಹೊರಟವರು ಹೆಚ್ಚಾಗಿ ಮರೆಯುವುದು ಮಧ್ಯಾಹ್ನದ ಹಾಲನ್ನು. ನಮ್ಮ ಊರುಗಳ ಡೇರಿ ತೆರೆಯುವುದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. 12 ಗಂಟೆಗೆ ಕರೆದ ಹಾಲು ಸಂಜೆಯವರೆಗೆ ಎಲ್ಲಿರುತ್ತದೆ? ಬೆಚ್ಚಗಿನ ಹಾಲಿನಲ್ಲಿ ಬ್ಯಾಕ್ಟೀರಿಯಾ ಅರ್ಧ ಗಂಟೆಗೆಲ್ಲ ಎರಡರಷ್ಟಾಗುತ್ತವೆ. ಅದನ್ನು ಸಂಜೆ ಹಾಲಿಗೆ ಸುರಿದರೆ ಇಡೀ ಕ್ಯಾನ್ ಕೆಡುತ್ತದೆ. ಬೇಸಿಗೆಯಲ್ಲಿ ಒಡೆದೇ ಹೋಗಬಹುದು. ಫ್ರಿಜ್ ಅಥವಾ ಐಸ್ ಹಾಕಿದ ನೀರಿನ ತೊಟ್ಟಿ ಇದ್ದರೆ ಸರಿ. ಇಲ್ಲದಿದ್ದರೆ ಆ ಹೊತ್ತಿನ ಹಾಲನ್ನು ಮನೆಗೆ, ಮೊಸರಿಗೆ, ಇಲ್ಲ ಪಕ್ಕದ ಹೋಟೆಲಿಗೆ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಹಾಲಿಗೆ ದಾರಿ ಸಿಗದಿದ್ದರೆ ಮೂರನೇ ಸಲ ಬೇಡವೇ ಬೇಡ.

ಫ್ಯಾಟ್ ಬಗ್ಗೆ ಇನ್ನೊಂದು ಮಾತು. ನಾನು ಕೊಟ್ಟಿಗೆಗೆ ಕೆಲಸಕ್ಕೆ ಬಂದವರಿಗೆ ಮೊದಲು ತೋರಿಸುವುದು ಇದನ್ನೇ. ಕರೆಯುವಾಗ ಮೊದಲ ಲೋಟ ಮತ್ತು ಕೊನೆಯ ಲೋಟ ಬೇರೆ ಬೇರೆ ಹಿಡಿದು ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ನೋಡಿ. ಮೊದಲದರ ಮೇಲೆ ತೆಳ್ಳಗೆ ಒಂದು ಪೊರೆ, ಕೊನೆಯದರ ಮೇಲೆ ಬೆರಳಲ್ಲಿ ಎತ್ತುವಷ್ಟು ಕೆನೆ. ಮೊದಲ ಹಾಲಿನಲ್ಲಿ ಫ್ಯಾಟ್ 1-2 ಇರುತ್ತದೆ, ಕೊನೆಯ ಧಾರೆಗಳಲ್ಲಿ 8ಕ್ಕೂ ಹೋಗುತ್ತದೆ. ಅವಸರದಲ್ಲಿ ಅರ್ಧ ಲೀಟರ್ ಬಿಟ್ಟೆದ್ದರೆ ಬಿಟ್ಟಿದ್ದು ಅದನ್ನೇ.

ಹಾಗಂತ ಗಂಟೆಗಟ್ಟಲೆ ಎಳೆಯುತ್ತಾ ಕೂರಬೇಡಿ. ಕೆಚ್ಚಲು ತೊಳೆದು ಒರೆಸಿದ ಒಂದು ನಿಮಿಷಕ್ಕೆ ಹಸು ಹಾಲಿಳಿಸುತ್ತದೆ. ಆ ಪ್ರಭಾವ ಇರುವುದು 5-7 ನಿಮಿಷ. ಅಷ್ಟರಲ್ಲಿ ಮುಗಿಸಿ. ಆ ಹೊತ್ತಿನಲ್ಲಿ ಬೈಯುವುದು, ಹೊಡೆಯುವುದು, ನಾಯಿ ಬೊಗಳುವುದು ಏನೂ ಬೇಡ. ಹೆದರಿದ ಹಸು ಹಾಲು ಬಿಗಿ ಹಿಡಿಯುತ್ತದೆ. ಇದಕ್ಕೆ ಯಾರಾದರೂ ಆಕ್ಸಿಟೋಸಿನ್ (ಹಾಲಿಳಿಸುವ ಹಾರ್ಮೋನ್) ಸೂಜಿ ಹಾಕಿ ಅಂದರೆ ದಯವಿಟ್ಟು ಕೇಳಬೇಡಿ. ಹಾಲಿಗಾಗಿ ಹಸುವಿಗೆ ಹಾನಿಯಾಗುವಂಥ ಸೂಜಿ ಚುಚ್ಚುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ಅಪರಾಧ.

ಮೇವಿಗೆ ಬಂದರೆ, ಹಾಲು ಏರಿದಂತೆ ತಿನ್ನಲು ಹಾಕಲೇಬೇಕು. ಹಸುವಿನ ಮೈಗೆ ಅಂತ ದಿನಕ್ಕೆ ಒಂದೂವರೆ ಎರಡು ಕೆಜಿ, ಮೇಲೆ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ ಪಶು ಆಹಾರ. ಇದು ನಾವೆಲ್ಲ ಹಿಡಿಯುವ ಲೆಕ್ಕ. ಹಾಲು ಹೆಚ್ಚಿಸುವ ಆಸೆಗೆ ಒಣಹುಲ್ಲು ಕಡಿಮೆ ಮಾಡಿ ಹಿಂಡಿಯನ್ನೇ ಸುರಿದರೆ ಹೊಟ್ಟೆ ಹುಳಿಯಾಗಿ ಫ್ಯಾಟ್ ಇನ್ನೂ ಬೀಳುತ್ತದೆ. ರಾಗಿ ಹುಲ್ಲು ಬಿಡಬೇಡಿ. ನೀರು ಯಾವಾಗಲೂ ಮುಂದಿರಲಿ. ಮೂರು ಸಲ ಕರೆದ ಮೇಲೆ ಹಸುವಿನ ಪಕ್ಕೆಲುಬು ಕಾಣತೊಡಗಿದರೆ, ಬೆದೆಗೆ ಬರುವುದು ತಡವಾದರೆ, ತಕ್ಷಣ ಎರಡಕ್ಕೆ ಇಳಿಸಿ.

ಕರೆಯುವ ಮುನ್ನ ಪ್ರತಿ ತೊಟ್ಟಿನಿಂದ ಎರಡು ಧಾರೆ ಕಪ್ಪು ತಟ್ಟೆಗೆ ಬಿಟ್ಟು ನೋಡಿ. ಗಟ್ಟಿ ಚೂರು ಕಂಡರೆ, ಹಾಲು ನೀರು ನೀರಾಗಿದ್ದರೆ ಕೆಚ್ಚಲು ಬಾವು ಶುರುವಾಗಿದೆ. ಡಾಕ್ಟರಿಗೆ ತೋರಿಸಿ. ಔಷಧಿ ಹಾಕಿದ ಮೇಲೆ ಅವರು ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಡೇರಿಗೆ ಹಾಕಬೇಡಿ. ಕರೆದಾದ ಮೇಲೆ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮುಂದೆ ಮೇವು ಹಾಕಿ. ತೊಟ್ಟಿನ ತೂತು ಮುಚ್ಚಲು ಅರ್ಧ ಗಂಟೆಯಾದರೂ ಬೇಕು. ಅಲ್ಲಿಯವರೆಗೆ ಹಸು ಸಗಣಿ ಮೇಲೆ ಮಲಗಬಾರದು ಅಲ್ವಾ. ಮೂರು ಸಲ ಕರೆಯುವವರು ಇದನ್ನು ಮೂರು ಸಲವೂ ಮಾಡಬೇಕು.

ನಿಮ್ಮ ಆ ಎರಡು ಹಸು ಕರು ಹಾಕಿ ಎಷ್ಟು ದಿನವಾಯಿತು, ಗಬ್ಬವಾಗಿವೆಯಾ ಅಂತ ಬರೆದಿಲ್ಲ. ಗಬ್ಬವಾಗಿ ಏಳು ತಿಂಗಳು ಸಮೀಪಿಸಿದ್ದರೆ ಮೂರನೇ ಸಲದ ಮಾತೇ ಇಲ್ಲ, ಹಾಲು ಬತ್ತಿಸಿ 60 ದಿನ ಬಿಡುವು ಕೊಡಬೇಕು. ಅದನ್ನು ತಿಳಿಸಿ, ಯಾವ ಹಸುವಿಗೆ ಎಷ್ಟು ಸಲ ಅಂತ ಕೂತು ನೋಡೋಣ.